‘ಒಂದ್ಸಲ ಫಾರ್ಮ್ಯಾಟ್ ಮಾಡಿಸ್ಬಿಡಿ’

ಲ್ಯಾಪ್‌ಟಾಪ್ ಕೆಲಸದ ನಡುವೆ ನೀಲಿಯಾಗಿ ನಿಂತುಬಿಟ್ಟಿತು, ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಯಿತು, ವಿಡಿಯೊ ನೋಡುತ್ತಿದ್ದಾಗ ಪರದೆ ಕಪ್ಪಾಗಿ ಸುಮ್ಮನಾಯಿತು ಎಂದು ಯಾರಿಗಾದರೂ ಹೇಳಿ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರಿಗೆ ಹೇಳಿ, ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸರ್ವಿಸ್‌ನವರಿಗೆ ಹೇಳಿ, ಕಂಪನಿಯ ಟೋಲ್‌ಫ್ರೀ ನಂಬರಿಗೆ ಹೇಳಿ, ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಹೇಳಿ. ಉತ್ತರ ಒಂದೇ: ‘ಒಂದ್ಸಲ ಫಾರ್ಮ್ಯಾಟ್ ಮಾಡಿಸ್ಬಿಡಿ, ಎಲ್ಲಾ ಸರಿಹೋಗುತ್ತೆ.’ ಪರದೆಯ ಮೇಲೆ ಏನು ಬರೆದಿತ್ತು? ಏನು ಮಾಡುತ್ತಿದ್ದಾಗ ಬಿತ್ತು? ಈಚೆಗೆ ರ‍್ಯಾಮ್ ಹಾಕಿಸಿದ್ದಿರಾ? ಯಾವುದಾದರೂ ಅಪ್‌ಡೇಟ್ ಆಗಿತ್ತಾ? ಇವುಗಳಲ್ಲಿ ಒಂದನ್ನೂ ಕೇಳದೆ ತೀರ್ಪು ಬಂದಾಗಿರುತ್ತದೆ. ಕೇಳಿಸಿಕೊಂಡವರೂ ತಲೆಯಾಡಿಸಿ, ಚಾರ್ಜರ್ ಸಮೇತ ಯಂತ್ರವನ್ನು ಕೌಂಟರಿನ ಮೇಲಿಟ್ಟು ಬರುತ್ತಾರೆ.

ಈ ಮಾತನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇವೆ ಎಂದರೆ, ಅದನ್ನು ಪ್ರಶ್ನಿಸುವವನೇ ತಲೆಹರಟೆ ಅನ್ನಿಸಿಕೊಳ್ಳುತ್ತಾನೆ. ಅನ್ನಿಸಿಕೊಳ್ಳಲಿ. ಕಾರಣ ಹುಡುಕದೆ ಮಾಡುವ ಫಾರ್ಮ್ಯಾಟಿಗೆ ರಿಪೇರಿ ಎಂಬ ಹೆಸರು ಸಲ್ಲದು. ಅದು ಗಿರಾಕಿಯ ದುಡ್ಡಿನಲ್ಲಿ, ಗಿರಾಕಿಯ ಒಪ್ಪಿಗೆಯಿಂದಲೇ ನಡೆಯುವ ಸಾಕ್ಷ್ಯನಾಶ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ವಿಂಡೋಸ್ 98ರ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಆಗ ಯಾವುದೋ ಪುಡಿ ಪ್ರೋಗ್ರಾಂ ಕೂಡ ಇಡೀ ಸಿಸ್ಟಂ ಅನ್ನು ಮಗುಚಿ ಹಾಕಬಲ್ಲದಾಗಿತ್ತು. ಸಿಸ್ಟಂ ಕೊಳೆಯುತ್ತಾ ಹೋಗುತ್ತಿತ್ತು, ವರ್ಷಕ್ಕೊಮ್ಮೆ ಒರೆಸಿ ಮತ್ತೆ ಹಾಕಿದರೆ ಚುರುಕಾಗುತ್ತಿತ್ತು. 2001ರಲ್ಲಿ ಎಕ್ಸ್‌ಪಿ ಬಂದು ಮನೆಬಳಕೆಯ ವಿಂಡೋಸಿನ ಅಡಿಪಾಯವೇ ಬದಲಾಯಿತು. ಅಂದಿನಿಂದ ಸಾಮಾನ್ಯ ಪ್ರೋಗ್ರಾಂ ಒಂದು ಕೆಟ್ಟರೆ ಅದಷ್ಟೇ ಮುಚ್ಚಿಕೊಳ್ಳುತ್ತದೆ, ಯಂತ್ರ ಬೀಳುವುದಿಲ್ಲ. ಇಡೀ ಯಂತ್ರವನ್ನು ಬೀಳಿಸುವ ಅಧಿಕಾರ ಉಳಿದಿರುವುದು ಒಳಕೋಣೆಯಲ್ಲಿ ಕೆಲಸ ಮಾಡುವ ಕೆಲವರಿಗೆ ಮಾತ್ರ: ವಿಂಡೋಸಿನ ತಿರುಳಾದ ಕರ್ನಲ್‌ಗೆ, ಅದರ ಜೊತೆ ಕೂತ ಡ್ರೈವರ್‌ಗಳಿಗೆ, ಮತ್ತು ಅವರೆಲ್ಲರ ಕಾಲಡಿಯ ಹಾರ್ಡ್‌ವೇರಿಗೆ. ಅಂದರೆ ಇಂದು ನೀಲಿ ಪರದೆ ಬಂತು ಎಂದರೆ ಮೊದಲು ಅನುಮಾನಿಸಬೇಕಾದವರ ಪಟ್ಟಿ ಚಿಕ್ಕದು. ರ‍್ಯಾಮ್, ಗ್ರಾಫಿಕ್ಸ್ ಡ್ರೈವರ್, ಡಿಸ್ಕ್, ಬಿಸಿ, ಇನ್ನೊಂದೆರಡು. ಪಟ್ಟಿ ಇಷ್ಟು ಚಿಕ್ಕದಿರುವಾಗ ಅದನ್ನು ಓದದೆ ಊರಿಗೇ ಬೆಂಕಿ ಹಚ್ಚುವ ಕಾಲು ಶತಮಾನದ ಹಿಂದಿನ ಪದ್ಧತಿ ಯಾಕೆ ಇನ್ನೂ ಜೀವಂತವಾಗಿದೆ?

ರ‍್ಯಾಮಿನ ಸಂಗತಿಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿ ಈ ಸಲಹೆಯ ಪೊಳ್ಳುತನ ಬರಿಗಣ್ಣಿಗೇ ಕಾಣುತ್ತದೆ. 8 ಜಿಬಿ ರ‍್ಯಾಮ್ ಎಂದರೆ 6,800 ಕೋಟಿಗೂ ಹೆಚ್ಚು ಬಿಟ್‌ಗಳು. ಒಂದೊಂದು ಬಿಟ್ಟೂ ಕಣ್ಣಿಗೆ ಕಾಣದಷ್ಟು ಸಣ್ಣ ಕೆಪಾಸಿಟರಿನಲ್ಲಿ ಕೂಡಿಟ್ಟ ಚೂರು ವಿದ್ಯುತ್ತು. ಅದು ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬುತ್ತಿರಬೇಕು. ಇಷ್ಟು ಕೋಟಿಯಲ್ಲಿ ಒಂದು ಜಾಗ ದುರ್ಬಲವಾದರೂ ಸಾಕು. ಆ ಜಾಗಕ್ಕೆ ಇವತ್ತು ಯಾವುದು ಬಂದು ಕೂರುತ್ತದೆ ಎಂಬುದರ ಮೇಲೆ ನಿಮ್ಮ ನಸೀಬು. ಹಾಡು ಕೂತರೆ ಕ್ಷಣದ ಕರಕರ, ಫೋಟೊ ಕೂತರೆ ಒಂದು ಬಣ್ಣಗೆಟ್ಟ ಗೆರೆ, ಎಕ್ಸೆಲ್ ಹಾಳೆ ಕೂತರೆ ಯಾರಿಗೂ ಗೊತ್ತಾಗದಂತೆ ಬದಲಾದ ಒಂದು ಅಂಕಿ. ಕರ್ನಲ್ಲಿನ ತುಂಡೇ ಬಂದು ಕೂತರೆ ನೀಲಿ ಪರದೆ. ಅದಕ್ಕೇ ರ‍್ಯಾಮ್ ಕೆಟ್ಟ ಯಂತ್ರದಲ್ಲಿ ಇವತ್ತು ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬಂದರೆ, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ನಾಡಿದ್ದು ‘ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್’. ದಿನಕ್ಕೊಂದು ಸಂದೇಶ ಬರುತ್ತಿದ್ದರೆ ರ‍್ಯಾಮಿನ ಮೇಲೆ ಕಣ್ಣಿಡು ಎಂಬುದು ಈ ಕಸುಬಿನವರು ಬಲ್ಲ ಸಾಮಾನ್ಯ ಜ್ಞಾನ. ರ‍್ಯಾಮಿನ ಪಚ್ಚೆ ಪಟ್ಟಿಯ ಮೇಲಿನ ಚಿಪ್ಪು ಕೆಟ್ಟಿದ್ದಕ್ಕೆ ಡಿಸ್ಕಿನಲ್ಲಿದ್ದ ವಿಂಡೋಸನ್ನು ಅಳಿಸಿ ಮತ್ತೆ ಬರೆದರೆ ಏನಾಗಬೇಕು? ಏನೂ ಆಗಬಾರದು. ಅದಕ್ಕಿಂತ ಕೆಟ್ಟದ್ದು ಆಗುತ್ತದೆ: ಹೊಸ ವಿಂಡೋಸಿನ ಪ್ರತಿಯೊಂದು ಫೈಲೂ ಡಿಸ್ಕಿಗೆ ಹೋಗುವ ಮುನ್ನ ಅದೇ ಕೆಟ್ಟ ರ‍್ಯಾಮಿನ ಮೂಲಕವೇ ಹಾದು ಹೋಗಬೇಕು. ಹುಟ್ಟುವಾಗಲೇ ಊನವಾಗಿ ಹುಟ್ಟಿರಬಹುದಾದ ಸಿಸ್ಟಂ ಅನ್ನು ‘ಫ್ರೆಶ್’ ಎಂದು ಕರೆದು ನಿಮ್ಮ ಕೈಗಿಡುತ್ತಾರೆ.

‘ಆದರೆ ಫಾರ್ಮ್ಯಾಟ್ ಮಾಡಿಸಿದ ಮೇಲೆ ನಮ್ಮದು ಚೆನ್ನಾಗಿಯೇ ಇತ್ತಲ್ಲ?’ ಎನ್ನುವವರಿದ್ದಾರೆ. ಇತ್ತು, ಎಷ್ಟು ದಿನ? ಮಲೆನಾಡಿನ ಮನೆಯಲ್ಲಿ ಹೆಂಚು ಒಡೆದು ನೀರು ಇಳಿಯುತ್ತಿದ್ದರೆ ಗೋಡೆಗೆ ಸುಣ್ಣ ಹೊಡೆಸಿದರೂ ಮುಂದಿನ ಮಳೆಯವರೆಗೆ ಚೆನ್ನಾಗಿಯೇ ಇರುತ್ತದೆ. ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಆನ್ ಆಗುತ್ತಲೇ ಓಡುವ ಹತ್ತಾರು ಪ್ರೋಗ್ರಾಂಗಳಿರುವುದಿಲ್ಲ, ರ‍್ಯಾಮ್ ಅರ್ಧಕ್ಕರ್ಧ ಖಾಲಿ ಇರುತ್ತದೆ, ಕೆಟ್ಟ ಜಾಗಕ್ಕೆ ಯಾರಾದರೂ ಹೋಗಿ ಕೂರುವ ಸಂಭವ ಕಡಿಮೆ. ನೀವು ಒಂದೊಂದಾಗಿ ಎಲ್ಲವನ್ನೂ ಮತ್ತೆ ಹಾಕಿಕೊಂಡು, ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆಯುವ ದಿನ ಅದು ಮತ್ತೆ ಬೀಳುತ್ತದೆ. ಅಂಗಡಿಯ ‘ಹದಿನೈದು ದಿನ ಸರ್ವಿಸ್ ವಾರಂಟಿ’ ಅಷ್ಟರಲ್ಲಿ ಮುಗಿದಿರುತ್ತದೆ ಎಂಬುದು ಕಾಕತಾಳೀಯ ಎಂದು ನಂಬುವ ದೊಡ್ಡ ಮನಸ್ಸು ನನಗಿಲ್ಲ.

ಗ್ರಾಫಿಕ್ಸ್ ಡ್ರೈವರ್ ವಿಷಯದಲ್ಲಿ ಈ ಭ್ರಮೆ ಇನ್ನೂ ಗಟ್ಟಿ. ಅಲ್ಲಿ ಫಾರ್ಮ್ಯಾಟ್ ನಿಜಕ್ಕೂ ಕೆಲಕಾಲ ಕೆಲಸ ಮಾಡುತ್ತದೆ, ಆದರೆ ಯಾರೂ ಹೇಳದ ಕಾರಣಕ್ಕೆ. ಚಿತ್ರ ಬಿಡಿಸುವ ಚಿಪ್ಪಿಗೂ ವಿಂಡೋಸಿಗೂ ನಡುವೆ ನಿಂತು ಮಾತಾಡಿಸುವ ಡ್ರೈವರ್ ಎಂಬುದು ಗಾತ್ರದಲ್ಲೂ ಗೋಜಲಿನಲ್ಲೂ ಚಿಕ್ಕಪುಟ್ಟ ಸಾಫ್ಟ್‌ವೇರ್ ಅಲ್ಲ. ‘ವಿಸ್ತಾ’ ಆವೃತ್ತಿಯಿಂದ ಈಚೆಗೆ ವಿಂಡೋಸ್ ಒಂದು ಕಾವಲು ಇಟ್ಟಿದೆ: ಗ್ರಾಫಿಕ್ಸ್ ಚಿಪ್ಪು ಒಪ್ಪಿಸಿದ ಕೆಲಸಕ್ಕೆ ಎರಡು ಸೆಕೆಂಡಿನೊಳಗೆ ಓಗೊಡದಿದ್ದರೆ ಡ್ರೈವರನ್ನು ಹಿಡಿದು ಮತ್ತೆ ಎಬ್ಬಿಸಲು ನೋಡುತ್ತದೆ. ಎದ್ದರೆ ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ. ಏಳದಿದ್ದರೆ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ಹೆಸರಿನಲ್ಲಿ ಯಂತ್ರ ನಿಲ್ಲುತ್ತದೆ, ಎಷ್ಟೋ ಸಲ ಅಪರಾಧಿ ಫೈಲಿನ ಹೆಸರೂ ಕೆಳಗೇ ಇರುತ್ತದೆ. ಎನ್ವಿಡಿಯಾದ್ದೋ, ಎಎಂಡಿಯದ್ದೋ, ಇಂಟೆಲ್ಲಿನದ್ದೋ ಎಂದು ಆ ಹೆಸರಿನಿಂದಲೇ ತಿಳಿಯುತ್ತದೆ. ಫಾರ್ಮ್ಯಾಟ್ ಆದಾಗ ಆ ಡ್ರೈವರ್ ಹೋಗಿ ಮೈಕ್ರೋಸಾಫ್ಟಿನ ಬಡಪಾಯಿ ಮೂಲ ಡ್ರೈವರೋ ಯಾವುದೋ ಹಳೆಯ ಆವೃತ್ತಿಯೋ ಬಂದು ಕೂರುತ್ತದೆ, ತೊಂದರೆ ನಿಲ್ಲುತ್ತದೆ. ಆಮೇಲೆ ಒಂದು ರಾತ್ರಿ ವಿಂಡೋಸ್ ಅಪ್‌ಡೇಟ್ ಸದ್ದಿಲ್ಲದೆ ಹೊಸ ಡ್ರೈವರನ್ನು ತಂದು ಕೂರಿಸುತ್ತದೆ, ತೊಂದರೆ ಮರಳುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್‌ಬ್ಯಾಕ್’ ಎಂಬ ಒಂದು ಗುಂಡಿ ಒತ್ತಿದ್ದರೆ ಆಗುತ್ತಿದ್ದ ಕೆಲಸಕ್ಕೆ ನಿಮ್ಮ ಇಡೀ ಡಿಸ್ಕನ್ನು ಬಲಿ ಕೊಟ್ಟಿರುತ್ತಾರೆ.

ಡ್ರೈವರನ್ನು ಅನುಮಾನಿಸುವುದು ನನ್ನ ಹುಚ್ಚು ಎಂದುಕೊಳ್ಳಬೇಡಿ. ‘ವಿಸ್ತಾ ಕೇಪಬಲ್’ ಎಂದು ಕಂಪ್ಯೂಟರುಗಳ ಮೇಲೆ ಅಂಟಿಸಿದ್ದ ಸ್ಟಿಕರಿನ ಬಗ್ಗೆ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ನಡೆದಾಗ, ಕಂಪನಿಯ ಒಳಗಿನ ಈಮೇಲುಗಳು 2008ರಲ್ಲಿ ಬಯಲಿಗೆ ಬಂದವು. ವಿಸ್ತಾದ ದಾಖಲಾದ ಕ್ರ್ಯಾಶ್‌ಗಳಲ್ಲಿ ಶೇ 28.8ರಷ್ಟು ಎನ್ವಿಡಿಯಾ ಡ್ರೈವರ್‌ಗಳದ್ದು, ಶೇ 17.9ರಷ್ಟು ಸ್ವತಃ ಮೈಕ್ರೋಸಾಫ್ಟಿನದ್ದು, ಶೇ 9.3ರಷ್ಟು ಎಟಿಐ ಡ್ರೈವರ್‌ಗಳದ್ದು ಎಂಬ ಲೆಕ್ಕ ಅವುಗಳಲ್ಲಿತ್ತು. ಅದು ಹಳೆಯ ಕಾಲದ ಮಾತು, ಈಗ ಸುಧಾರಿಸಿದೆ ಎನ್ನಬಹುದು. ಸುಧಾರಿಸಿರಬಹುದು. ಆದರೂ 2025ರ ಆರಂಭದಲ್ಲಿ ಎನ್ವಿಡಿಯಾದ ಹೊಸ ಕಾರ್ಡುಗಳು ಬಂದಾಗ ಕಪ್ಪು ಪರದೆಯ ದೂರುಗಳು ಸಾಲುಗಟ್ಟಿ, ಕಂಪನಿ ಒಂದರ ಹಿಂದೊಂದು ತೇಪೆ ಡ್ರೈವರ್ ಬಿಡಬೇಕಾಯಿತು. ಚಿಪ್ಪು ಮಾಡಿದವರೇ ‘ತಪ್ಪು ನಮ್ಮ ಡ್ರೈವರಿನದ್ದು’ ಎಂದು ತೇಪೆ ಕಳಿಸುತ್ತಿರುವಾಗ, ಹುಬ್ಬಳ್ಳಿಯ ಅಂಗಡಿಯವರು ‘ನಿಮ್ಮ ವಿಂಡೋಸ್ ಕರಪ್ಟ್ ಆಗಿದೆ ಸಾರ್’ ಎನ್ನುವುದು ಯಾವ ಜ್ಞಾನದ ಬಲದಿಂದ?

ಈಗ ಸಾಕ್ಷ್ಯನಾಶದ ಆರೋಪಕ್ಕೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಯಂತ್ರ ನೀಲಿ ಪರದೆಯೊಂದಿಗೆ ಬೀಳುವಾಗ ವಿಂಡೋಸ್ ಸಾಮಾನ್ಯವಾಗಿ ಒಂದು ಮರಣಪತ್ರ ಬರೆದಿಟ್ಟೇ ಬೀಳುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ‘ಮಿನಿಡಂಪ್’ ಎಂಬ ಫೋಲ್ಡರಿದೆ. ಬಿದ್ದ ಒಂದೊಂದು ಸಲಕ್ಕೂ ಒಂದು ಸಣ್ಣ ಫೈಲು, ಬಿದ್ದ ಗಳಿಗೆಯಲ್ಲಿ ಒಳಗೆ ಯಾರಿದ್ದರು, ಯಾರ ಕೈಯಲ್ಲಿ ಏನಿತ್ತು ಎಂಬ ವಿವರ ಸಮೇತ. ಅದನ್ನು ಓದಲು ಮೈಕ್ರೋಸಾಫ್ಟಿನದ್ದೇ ವಿನ್‌ಡಿಬಿಜಿ ಎಂಬ ಸಾಧನ ಪುಕ್ಕಟೆ ಸಿಗುತ್ತದೆ. ಅಷ್ಟು ಆಳಕ್ಕೆ ಇಳಿಯಲಾಗದವರಿಗೆ ಈವೆಂಟ್ ವ್ಯೂವರ್ ಇದೆ. ಅದೂ ಬೇಡವೆಂದರೆ ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ತೆರೆದುಕೊಳ್ಳುವ ಒಂದು ಪುಟವಿದೆ: ಯಾವ ದಿನ ಏನು ಹಾಕಿಸಿದಿರಿ, ಯಾವ ದಿನ ಯಂತ್ರ ಬಿತ್ತು ಎಂದು ಪಂಚಾಂಗದಂತೆ ಸಾಲಾಗಿ ತೋರಿಸುತ್ತದೆ, ಬಿದ್ದ ದಿನಗಳಿಗೆ ಕೆಂಪು ಗುರುತು. ಮಂಗಳವಾರ ಡ್ರೈವರ್ ಬಂತು, ಬುಧವಾರದಿಂದ ಕೆಂಪು ಶುರುವಾಯಿತು ಎಂಬುದನ್ನು ಕಾಣಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ದಿನಾಂಕ ಓದಲು ಬಂದರೆ ಸಾಕು.

ಫಾರ್ಮ್ಯಾಟ್ ಮೊದಲು ಅಳಿಸುವುದು ಇದೆಲ್ಲವನ್ನೂ. ಅಲ್ಲಿಂದ ಮುಂದೆ ಯಾರು ಬಂದರೂ, ಎಷ್ಟು ಜಾಣರು ಬಂದರೂ, ಯಂತ್ರ ಹಿಂದೆ ಹೇಗೆ ಯಾಕೆ ಬಿದ್ದಿತ್ತು ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಎರಡನೆಯ ಅಂಗಡಿಯವರು ಮತ್ತೆ ಸೊನ್ನೆಯಿಂದ ಶುರುಮಾಡಬೇಕು. ಅವರೂ ಶುರುಮಾಡುವುದಿಲ್ಲ, ಮತ್ತೊಮ್ಮೆ ಫಾರ್ಮ್ಯಾಟ್ ಮಾಡುತ್ತಾರೆ. ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ಸುಮಾರು ಹತ್ತು ಲಕ್ಷ ಸಾಮಾನ್ಯ ಬಳಕೆಯ ಪಿಸಿಗಳಿಂದ ಬಂದ ಕ್ರ್ಯಾಶ್ ವರದಿಗಳನ್ನು ಕೂಡಿಸಿ ನೋಡಿದ್ದರು. ಹಾರ್ಡ್‌ವೇರ್ ದೋಷದಿಂದ ಒಮ್ಮೆ ಬಿದ್ದ ಯಂತ್ರ ಮತ್ತೊಮ್ಮೆ ಬೀಳುವ ಸಂಭವ, ಮೊದಲ ಸಲ ಬೀಳುವ ಸಂಭವಕ್ಕಿಂತ ನೂರು ಪಟ್ಟಿನವರೆಗೂ ಹೆಚ್ಚು ಎಂಬುದು ಅವರು ಕಂಡದ್ದು. ಮೊದಲ ಬೀಳುವಿಕೆಯೇ ಮುನ್ನೆಚ್ಚರಿಕೆ ಎಂದಾಯಿತು. ನಾವು ಆ ಮುನ್ನೆಚ್ಚರಿಕೆಯನ್ನು ಅಳಿಸಲು ದುಡ್ಡು ಕೊಟ್ಟು ಬರುತ್ತಿದ್ದೇವೆ.

ಅಳಿಯುವುದು ಮರಣಪತ್ರವೊಂದೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ‘ಡೇಟಾ ಬೇಕಾ ಮೇಡಂ?’ ಎಂದು ಕೇಳುತ್ತಾರೆ, ಬೇಕು ಎಂದರೆ ‘ಡಿ ಡ್ರೈವಿಗೆ ಹಾಕ್ತೀನಿ’ ಎನ್ನುತ್ತಾರೆ. ಡೆಸ್ಕ್‌ಟಾಪಿನಲ್ಲಿದ್ದ ಪಿಎಚ್‌.ಡಿ. ಅಧ್ಯಾಯ, ಡೌನ್‌ಲೋಡ್ಸ್‌ನಲ್ಲಿದ್ದ ಜಮೀನಿನ ಪಹಣಿ, ಬ್ರೌಸರಿನಲ್ಲಿ ಉಳಿಸಿಕೊಂಡಿದ್ದ ಪಾಸ್‌ವರ್ಡು, ಟ್ಯಾಲಿಯ ಎರಡು ವರ್ಷದ ಲೆಕ್ಕ, ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿಟ್ಟ ಹಳೆಯ ಫೈಲುಗಳ ಫಾಂಟು ಎಲ್ಲವೂ ಸಿ ಡ್ರೈವಿನ ಯಾವ ಮೂಲೆಯಲ್ಲಿರುತ್ತವೆ ಎಂದು ಅವರಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ್ದನ್ನು ಮರಳಿ ತೆಗೆಯುವ ಆಸೆಯೂ ಬಹುಮಟ್ಟಿಗೆ ಸುಳ್ಳು. ಅಳಿಸಿದ ಜಾಗವನ್ನು ಡಿಸ್ಕೇ ಬೇಗ ಖಾಲಿ ಮಾಡಿಬಿಡುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ಮೊದಲೇ ಗೂಢಲಿಪಿಯಲ್ಲಿದ್ದರಂತೂ ಕೇಳುವುದೇ ಬೇಡ. ಇನ್ನು ರ‍್ಯಾಮ್ ಕೆಟ್ಟಿರುವ ಯಂತ್ರದಲ್ಲೇ ಬ್ಯಾಕಪ್ ತೆಗೆದರೆ? ಆ ಪ್ರತಿಗಳೂ ಕೆಟ್ಟ ರ‍್ಯಾಮಿನಿಂದಲೇ ಹಾದು ಬಂದವು. ತೆರೆದು ನೋಡುವವರೆಗೆ ಯಾವುದು ಕೆಟ್ಟಿದೆ ಎಂದು ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಮೂಲ ಇರುವುದಿಲ್ಲ.

ಇದರ ಮೇಲೆ ಒಂದು ಉಡುಗೊರೆ. ಕೊಂಡಾಗ ಅಸಲಿ ವಿಂಡೋಸ್ ಇದ್ದ ಲ್ಯಾಪ್‌ಟಾಪ್ ಎಷ್ಟೋ ಸಲ ಅಂಗಡಿಯಿಂದ ಹೊರಬರುವುದು ‘ಪ್ರೊ’ ಆವೃತ್ತಿಯ ಕಳ್ಳ ಪ್ರತಿಯೊಂದಿಗೆ. ಅಸಲಿ ಪರವಾನಗಿ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ, ಅದೇ ಆವೃತ್ತಿಯನ್ನು ಹಾಕಿದರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ ಎಂಬುದನ್ನೂ ನೋಡುವ ತಾಳ್ಮೆ ಇರುವುದಿಲ್ಲ. ಕ್ರ್ಯಾಕ್ ಓಡಲೆಂದು ಆಂಟಿವೈರಸ್ಸನ್ನು ಮಲಗಿಸಿ, ಎಲ್ಲಿಂದಲೋ ತಂದ ಫೈಲೊಂದನ್ನು ಪೂರ್ಣ ಅಧಿಕಾರ ಕೊಟ್ಟು ಒಳಗೆ ಬಿಡುತ್ತಾರೆ. ಅದೇ ಅಂಗಡಿಯವರು ಬೆಳಿಗ್ಗೆ ತಾನೇ ‘ಏನೇನೋ ಡೌನ್‌ಲೋಡ್ ಮಾಡ್ಕೊಂಡಿದೀರ, ವೈರಸ್ ಬಂದಿದೆ’ ಎಂದು ನಿಮಗೆ ಬುದ್ಧಿ ಹೇಳಿರುತ್ತಾರೆ.

ಆ ಬುದ್ಧಿವಾದವೂ ಸಣ್ಣ ಅಪರಾಧವಲ್ಲ. ಯಂತ್ರ ಬಿದ್ದದ್ದಕ್ಕೆ ಬಳಸಿದವರನ್ನೇ ಹೊಣೆ ಮಾಡುವುದು ಈ ಪದ್ಧತಿಯ ಅವಿಭಾಜ್ಯ ಅಂಗ. ಕಾಲೇಜಿನ ಹುಡುಗ ಬಂದರೆ ‘ಗೇಮ್ ಆಡ್ತೀಯಾ?’ ಹುಡುಗಿ ಬಂದರೆ ‘ಹಾಸಿಗೆ ಮೇಲಿಟ್ಟು ಸಿನಿಮಾ ನೋಡ್ತೀರಾ?’ ವಯಸ್ಸಾದವರು ಬಂದರೆ ‘ಏನೋ ಒತ್ತಿರ್ತೀರ ಅಂಕಲ್.’ ಕಾರ್ಖಾನೆಯಿಂದಲೇ ದುರ್ಬಲವಾಗಿ ಬಂದ ಚಿಪ್ಪು, ಕಂಪನಿ ಪರೀಕ್ಷಿಸದೆ ಬಿಟ್ಟ ಡ್ರೈವರ್ ಇವೆರಡೂ ಈ ವಿಚಾರಣೆಯಲ್ಲಿ ಕಟಕಟೆ ಹತ್ತುವುದೇ ಇಲ್ಲ. ಎನ್ವಿಡಿಯಾ 2008ರ ಜುಲೈಯಲ್ಲಿ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ಜೋಡಣೆಯ ವಸ್ತುವಿನಲ್ಲೇ ದೋಷವಿದೆ ಎಂದು ಒಪ್ಪಿಕೊಂಡು, ರಿಪೇರಿ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ಎತ್ತಿಟ್ಟಿತು. ಬಿಸಿಯಾಗಿ ತಣ್ಣಗಾಗುತ್ತಾ ಹೋದಂತೆ ಆ ಬೆಸುಗೆ ಬಿಡುತ್ತಿತ್ತು. ಆ ವರ್ಷಗಳಲ್ಲಿ ನಮ್ಮೂರುಗಳಲ್ಲಿ ಪರದೆ ಸತ್ತ ಅಂಥ ಎಷ್ಟು ಲ್ಯಾಪ್‌ಟಾಪ್‌ಗಳು ‘ವೈರಸ್’ ಎಂಬ ಷರಾದೊಂದಿಗೆ ಫಾರ್ಮ್ಯಾಟ್ ಆಗಿರಬೇಡ!

ಫಾರ್ಮ್ಯಾಟ್ ಸೋತ ಮೇಲೆ ಎರಡನೆಯ ತೀರ್ಪು ಸಿದ್ಧವಿರುತ್ತದೆ: ‘ಮದರ್‌ಬೋರ್ಡ್ ಹೋಗಿದೆ.’ ನಡುವೆ ಇದ್ದ ಮೆಟ್ಟಿಲುಗಳನ್ನೆಲ್ಲ ಹಾರಿ ನೇರ ಮಹಡಿಗೆ. ರ‍್ಯಾಮ್ ಪಟ್ಟಿಯನ್ನು ಒಮ್ಮೆ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಒರೆಸಿ, ಗಟ್ಟಿಯಾಗಿ ಕೂರಿಸಿ ನೋಡಿದ್ದರೆ? ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದಿಟ್ಟು ಒಂದರಲ್ಲೇ ಓಡಿಸಿದ್ದರೆ, ಆಮೇಲೆ ಅದಲುಬದಲು ಮಾಡಿ ನೋಡಿದ್ದರೆ? ಪಟ್ಟಿ ಕೆಟ್ಟಿದೆಯೋ ಅದು ಕೂರುವ ಸ್ಲಾಟ್ ಕೆಟ್ಟಿದೆಯೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತಿತ್ತು. ಫ್ಯಾನಿನಲ್ಲಿ ಕಂಬಳಿಯಂತೆ ಕೂತ ಧೂಳನ್ನು ಊದಿದ್ದರೆ? ಇವಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಕೊಂಚ ಕುತೂಹಲ. ಮದರ್‌ಬೋರ್ಡಿನ ಬೆಲೆ ಕೇಳಿದ ಗಿರಾಕಿ ಹೊಸ ಲ್ಯಾಪ್‌ಟಾಪ್ ಕಡೆ ತಿರುಗುತ್ತಾನೆ. ಹಳೆಯದು ‘ಎಕ್ಸ್‌ಚೇಂಜ್’ ಹೆಸರಿನಲ್ಲಿ ಪುಡಿಗಾಸಿಗೆ ಅದೇ ಅಂಗಡಿಯಲ್ಲಿ ಉಳಿಯುತ್ತದೆ. ಅದೇ ಯಂತ್ರ ರ‍್ಯಾಮ್ ಬದಲಾಗಿ ‘ಸೆಕೆಂಡ್ ಹ್ಯಾಂಡ್, ಗುಡ್ ಕಂಡೀಷನ್’ ಎಂಬ ಚೀಟಿ ಹೊತ್ತು ಗಾಜಿನ ಹಿಂದೆ ನಿಲ್ಲುವುದು ನಡೆದೇ ಇಲ್ಲ ಎಂದು ಎದೆ ಮುಟ್ಟಿ ಹೇಳುವವರು ಎಷ್ಟು ಮಂದಿ?

‘ಐನೂರು ರೂಪಾಯಿ ಕೆಲಸಕ್ಕೆ ಇಷ್ಟೆಲ್ಲ ನೋಡೋಕಾಗುತ್ತಾ ಸಾರ್? ಟೈಮ್ ಎಲ್ಲಿದೆ?’ ಈ ಸಮರ್ಥನೆಯನ್ನು ತುಂಬ ಕೇಳಿದ್ದೇವೆ. ಸುಳ್ಳು ಸಮರ್ಥನೆ. ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹಾಕಿ, ಆಫೀಸು ಟ್ಯಾಲಿ ನುಡಿ ಎಲ್ಲ ಮತ್ತೆ ತುಂಬುವುದಕ್ಕೆ ಅರ್ಧ ದಿನ ಮನುಷ್ಯ ಎದುರು ಕೂರಬೇಕು. ಮೆಮ್‌ಟೆಸ್ಟ್ ಎಂಬ ರ‍್ಯಾಮ್ ಪರೀಕ್ಷಕವನ್ನು ಹಾಕಲು ಒಂದು ಪೆನ್‌ಡ್ರೈವ್ ಸಾಕು. ಸಂಜೆ ಅಂಗಡಿ ಮುಚ್ಚುವಾಗ ಹಚ್ಚಿ ಹೋದರೆ ರಾತ್ರಿಯೆಲ್ಲ ಅದೇ ಓದಿ ಬರೆದು ತಾಳೆ ನೋಡುತ್ತಿರುತ್ತದೆ, ಬೆಳಿಗ್ಗೆ ಬಂದು ಪರದೆ ನೋಡಿದರಾಯಿತು. ಒಂದೇ ಒಂದು ಕೆಂಪು ಸಾಲು ಬಂದಿದ್ದರೂ ಆ ರ‍್ಯಾಮನ್ನು ನಂಬುವಂತಿಲ್ಲ. ಪೆನ್‌ಡ್ರೈವೂ ಇಲ್ಲವೇ? ವಿಂಡೋಸಿನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ವಿಸ್ತಾದ ಕಾಲದಿಂದ ಕೂತಿದೆ, ಕರೆಯುವವರಿಲ್ಲದೆ. ತಪ್ಪು ವಿಂಡೋಸಿನ ಕಡೆಯದೋ ಹಾರ್ಡ್‌ವೇರಿನದೋ ಎಂಬ ದೊಡ್ಡ ಜಿಜ್ಞಾಸೆಗೂ ಸರಳ ದಾರಿಯಿದೆ: ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಉಬುಂಟು ಎಂಬ ಲಿನಕ್ಸ್ ಓಡಿಸಿ, ಎರಡು ಗಂಟೆ ವಿಡಿಯೊ ಹಚ್ಚಿಡಿ. ಅಲ್ಲೂ ಬಿದ್ದರೆ ನಿಮ್ಮ ವಿಂಡೋಸ್ ಬಹುಮಟ್ಟಿಗೆ ನಿರಪರಾಧಿ. ಅಲ್ಲಿ ಬೀಳದೆ ವಿಂಡೋಸಿನಲ್ಲಿ ಮಾತ್ರ ಬಿದ್ದರೆ, ಸೇಫ್ ಮೋಡಿಗೆ ಹೋಗಿ ಗ್ರಾಫಿಕ್ಸ್ ಡ್ರೈವರನ್ನು ಬೇರುಸಮೇತ ತೆಗೆದು, ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿರುವ ಅದೇ ಮಾಡೆಲ್ಲಿನ ಡ್ರೈವರ್ ಹಾಕಿ ನೋಡಿ. ‘ನಿಮ್ಮ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ’ ಎಂದು ಜಾಹೀರಾತಿನಲ್ಲಿ ಕುಣಿಯುವ ಸಾಫ್ಟ್‌ವೇರುಗಳನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ. ಅವು ಈ ರೋಗದ ಇನ್ನೊಂದು ಮೂಲ.

ಊಹೆಯ ಮೇಲೆ ತೀರ್ಪು ಕೊಡುವ ನಮ್ಮ ಪಂಡಿತರಿಗೆ ಎರಡು ಉದಾಹರಣೆ ಸಾಕು. 2022ರ ಅಕ್ಟೋಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಸ್ವಂತ ಯಂತ್ರ ವಿಚಿತ್ರವಾಗಿ ಆಡತೊಡಗಿತು. ಲಿನಕ್ಸ್ ಕರ್ನಲ್ಲನ್ನು ಹುಟ್ಟಿಸಿದ ಮನುಷ್ಯ ಅವರು. ಅವರ ಮೊದಲ ಅನುಮಾನ ಆಗಷ್ಟೇ ಸೇರಿಸಿದ್ದ ಹೊಸ ಕೋಡಿನ ಮೇಲೆ ಹೋಯಿತು. ಪರೀಕ್ಷಿಸಿದಾಗ ಸಿಕ್ಕಿದ್ದು ವರ್ಷಗಟ್ಟಲೆ ಸರಿಯಾಗಿ ನಡೆದು ಆಮೇಲೆ ಕೆಟ್ಟ ಒಂದು ರ‍್ಯಾಮ್ ಪಟ್ಟಿ. ಇನ್ನೊಂದು, ಇಂಟೆಲ್ಲಿನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳದ್ದು. ಗೇಮುಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಬೀಳುತ್ತಿದ್ದವು, ಜನ ಗ್ರಾಫಿಕ್ಸ್ ಕಾರ್ಡನ್ನೂ ಡ್ರೈವರನ್ನೂ ಬಯ್ದರು. 2024ರಲ್ಲಿ ತಿಳಿದದ್ದು, ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದುಕೊಂಡು ತನ್ನನ್ನೇ ಹಾಳುಮಾಡಿಕೊಳ್ಳುತ್ತಿದೆ ಎಂದು. ಇಂಟೆಲ್ ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ತಿದ್ದಿತು, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಸಂದೇಶ ಒಂದು ಕಡೆ ಬೆರಳು ತೋರಿಸಿದರೆ ಕಳ್ಳ ಇನ್ನೊಂದು ಕಡೆ ಇರಬಲ್ಲ. ಟೊರ್ವಾಲ್ಡ್ಸ್‌ಗೇ ಪರೀಕ್ಷೆ ಬೇಕಾಯಿತು. ನಮ್ಮ ಕೌಂಟರಿನವರಿಗೆ ಮಾತ್ರ ಲ್ಯಾಪ್‌ಟಾಪಿನ ಮುಚ್ಚಳ ತೆರೆಯುವ ಮೊದಲೇ ಎಲ್ಲವೂ ಹೊಳೆದುಬಿಡುತ್ತದೆ!

ಅಂಗಡಿಯವರನ್ನಷ್ಟೇ ಬಯ್ದು ಸುಮ್ಮನಾಗುವುದು ಅನ್ಯಾಯ. ಅವರ ಮೇಲೆ ಕೂತವರ ಪಾಲು ದೊಡ್ಡದು. ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8 ತಂದಾಗ ನೀಲಿ ಪರದೆಯ ವಿವರಗಳನ್ನು ಕಡಿಮೆ ಮಾಡಿ ಒಂದು ಅಳುಮುಖ ಅಂಟಿಸಿತು. 2025ರಲ್ಲಿ ಪರದೆಯನ್ನೇ ಕಪ್ಪು ಮಾಡಿತು. ನನಗೆ ಅಳುಮುಖದ ಸಹಾನುಭೂತಿ ಬೇಕಾಗಿಲ್ಲ. ಯಾವ ಫೈಲು, ಯಾವ ಕಾರಣ, ಮುಂದೇನು ಮಾಡಬೇಕು ಎಂಬ ಮೂರು ಸಾಲು ಬೇಕು, ಅದೂ ಓದಿ ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಬೇಕು. ಲ್ಯಾಪ್‌ಟಾಪ್ ಕಂಪನಿಗಳದ್ದು ಇನ್ನೊಂದು ಕಥೆ. ತೆಳ್ಳಗೆ ಮಾಡುವ ಪೈಪೋಟಿಯಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟರು. ಒಂದು ಚಿಪ್ಪು ಕೆಟ್ಟರೆ ಇಡೀ ಬೋರ್ಡು ಬದಲಿಸಿ ಎನ್ನುವುದು ಆಗ ಅಂಗಡಿಯವರ ಸುಳ್ಳಾಗಿ ಉಳಿಯದೆ ಕಂಪನಿಯ ಅಧಿಕೃತ ನೀತಿಯಾಯಿತು. ತೆಳ್ಳಗಿದ್ದೂ ಕಳಚಬಲ್ಲ ರ‍್ಯಾಮಿಗೆ 2023ರ ಕೊನೆಯಲ್ಲೇ ಕ್ಯಾಮ್2 ಎಂಬ ಮಾನಕ ಬಂದಿದೆ. ಕೊರತೆಯಿರುವುದು ತಂತ್ರಜ್ಞಾನದ್ದಲ್ಲ, ಮನಸ್ಸಿನದು. ಅವರ ಸಹಾಯವಾಣಿಗಳಂತೂ ಕೈಯಲ್ಲಿರುವ ಸ್ಕ್ರಿಪ್ಟ್ ಓದುತ್ತವೆ, ಸ್ಕ್ರಿಪ್ಟಿನ ಕೊನೆಯ ಸಾಲು ‘ಫ್ಯಾಕ್ಟರಿ ರೀಸೆಟ್’.

2024ರ ಜುಲೈ 19 ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ದೋಷಪೂರ್ಣ ಫೈಲಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅಷ್ಟು ಯಂತ್ರಗಳನ್ನು ಎಬ್ಬಿಸಿದ ಬಗೆ ಯಾವುದು? ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು. ಕಾರಣ ಗೊತ್ತಿದ್ದರಿಂದ ಒಂದು ಫೈಲಿಗೆ ಮುಗಿಯಿತು. ವಿಮಾನ ಕಂಪನಿಗೆ ಸಿಗುವ ಇಷ್ಟು ಮರ್ಯಾದೆ ಶಿವಮೊಗ್ಗದ ಡಿ.ಟಿ.ಪಿ. ಅಂಗಡಿಗೆ, ಕಲಬುರಗಿಯ ವಿದ್ಯಾರ್ಥಿನಿಗೆ ಯಾಕಿಲ್ಲ?

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಮ್ಯಾನುಯಲ್ ಸಿಗಬೇಕು, ಬಿಡಿಭಾಗ ಸಿಗಬೇಕು ಎಂಬುದೆಲ್ಲ ಒಳ್ಳೆಯದೇ. ಆದರೆ ಏನು ಕೆಟ್ಟಿದೆ ಎಂದು ತಿಳಿಯುವ ಹಕ್ಕೇ ಇಲ್ಲದವನಿಗೆ ಬಿಡಿಭಾಗ ಯಾವುದು ಬೇಕೆಂದು ಹೇಗೆ ಗೊತ್ತಾಗಬೇಕು? ಆದ್ದರಿಂದ ಪತ್ತೆಯೇ ರಿಪೇರಿಯ ಮೊದಲ ಭಾಗ ಎಂದು ನಿಯಮವಾಗಲಿ. ಐಟಿಐ ಮತ್ತು ಪಾಲಿಟೆಕ್ನಿಕ್ಕುಗಳಲ್ಲಿ ವಿಂಡೋಸ್ ಹಾಕುವುದನ್ನು ಕಲಿಸುವ ಮುನ್ನ ಮಿನಿಡಂಪ್ ಓದುವುದನ್ನು ಕಲಿಸಲಿ. ವಾರಂಟಿಯಲ್ಲಿರುವ ಯಂತ್ರಕ್ಕೆ ರ‍್ಯಾಮ್ ಪರೀಕ್ಷೆಯ ಫಲಿತಾಂಶ ಕೊಡದೆ ಫಾರ್ಮ್ಯಾಟ್ ಮಾಡುವುದನ್ನು ಸೇವಾನ್ಯೂನತೆ ಎಂದು ಗ್ರಾಹಕ ಆಯೋಗಗಳು ಪರಿಗಣಿಸಲಿ. ಕಂಪನಿ ಕೇಳದಿದ್ದರೆ 1915ಕ್ಕೆ ಕರೆ ಮಾಡಿ ದೂರು ಬರೆಸುವ ಅಭ್ಯಾಸ ನಮಗೂ ಆಗಲಿ.

ಅದೆಲ್ಲ ಆಗುವವರೆಗೆ ಕಾಯುವ ಅಗತ್ಯವಿಲ್ಲ. ಮುಂದಿನ ಸಲ ಯಂತ್ರ ಬಿದ್ದಾಗ ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆಯಿರಿ, ಮಿನಿಡಂಪ್ ಫೋಲ್ಡರನ್ನು ಪೆನ್‌ಡ್ರೈವಿಗೆ ಎತ್ತಿಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ. ಜಾಬ್ ಕಾರ್ಡಿನಲ್ಲಿ ಮೂರು ವಿಷಯ ಬರೆದು ಸಹಿ ಹಾಕಿಕೊಡಿ ಎಂದು ಕೇಳಿ: ಬಂದ ಸಂದೇಶ ಯಾವುದು, ರ‍್ಯಾಮ್ ಪರೀಕ್ಷೆಯಲ್ಲಿ ಏನು ಕಂಡಿತು, ಗ್ರಾಫಿಕ್ಸ್ ಡ್ರೈವರ್ ಮೊದಲು ಯಾವುದಿತ್ತು ಮತ್ತು ಈಗ ಯಾವುದು ಹಾಕಿದ್ದು. ಪತ್ತೆಗೆಂದೇ ಬೇರೆ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಅದು ನ್ಯಾಯವಾದ ಕೂಲಿ, ಅದನ್ನು ಕೊಡದೆ ಫಾರ್ಮ್ಯಾಟಿಗೆ ಮಾತ್ರ ಕೊಡುತ್ತಾ ಬಂದು ಈ ಪದ್ಧತಿಯನ್ನು ಸಾಕಿದವರು ನಾವೇ. ‘ಅದೆಲ್ಲ ಬರೆಯೋ ಪದ್ಧತಿ ಇಲ್ಲ ಸಾರ್, ಒಂದ್ಸಲ ಫಾರ್ಮ್ಯಾಟ್...’ ಎಂದು ಶುರುಮಾಡಿದರೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಪಕ್ಕದ ಅಂಗಡಿಗೆ ನಡೆಯಿರಿ.